ತೆರವು: ದಾವಣಗೆರೆ ಸೀಮೆಯ ನಾಲ್ಕು ತಾಲ್ಲೂಕುಗಳು ಮಹಾಮಾರಿಯ ತರುವಾಯ ತೆರೆದ ಬಗೆ

೧

ವ್ಯಾಧಿಗಳ ಚರಿತ್ರೆಯನ್ನು ಬರೆಯುವವರು ಅವು ಊರಿಗೆ ಬಂದ ದಿನವನ್ನು ತಪ್ಪದೆ ಹೇಳುವರು. ಅವು ಹಿಂದೆಗೆದ ಮೇಲೆ ಊರು ಮತ್ತೆ ಊರಾದ ಬಗೆಯನ್ನು ಹೇಳುವವರು ವಿರಳ. ಇದಕ್ಕೆ ಕಾರಣವಿಲ್ಲದೆ ಇಲ್ಲ. ಊರು ಮುಚ್ಚುವುದು ಒಂದೇ ದಿನದಲ್ಲಿ. ತೆರೆಯುವುದು ದಿನದಿನಕ್ಕೆ ಸ್ವಲ್ಪ ಸ್ವಲ್ಪವಾಗಿ. ಮೊದಲನೆಯದು ಸರ್ಕಾರದ ಆಜ್ಞಾಪತ್ರದಲ್ಲಿ ನಿಲ್ಲುವುದು. ಎರಡನೆಯದು ಅಂಗಡಿಯ ಹಲಗೆಬಾಗಿಲು, ಹಿಟ್ಟಿನ ಗಿರಣಿಯ ಸದ್ದು, ಬಸ್ಸಿನ ವೇಳೆ, ಸಂತೆಯ ಕೂಗು ಇವುಗಳಲ್ಲಿ ಕಾಣಿಸಿಕೊಂಡು, ಯಾವ ಕಡತಕ್ಕೂ ಸೇರದೆ ಮರೆಯಾಗುವುದು.

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳು ೨೦೨೦ ಮತ್ತು ೨೦೨೧ನೆಯ ವರ್ಷಗಳಲ್ಲಿ ಕೊರೋನಾ ಮಹಾಮಾರಿಯ ದಿಗ್ಬಂಧನದಿಂದ ಹಂತಹಂತವಾಗಿ ಹೊರಬಂದ ಬಗೆಯನ್ನು ನೆನಪು ಹಸಿಯಾಗಿರುವಾಗಲೇ ಬರೆದಿಡುವುದೂ, ಅದನ್ನು ಈ ನಾಡು ಹಿಂದೆ ಕಂಡ ಪ್ಲೇಗಿನ ಕಾಲದೊಡನೆ ಹೋಲಿಸುವುದೂ ಈ ಲೇಖನದ ಉದ್ದೇಶವು. ಲೇಖಕನು ಹೊನ್ನಾಳಿಯ ಹೊಳೆಯ ದಡದಲ್ಲಿ ಪಾಠಪ್ರವಚನವನ್ನೂ ಪೌರೋಹಿತ್ಯವನ್ನೂ ಮಾಡಿಕೊಂಡಿರುವವನಾದುದರಿಂದ, ಕೆಲವು ಸಂಗತಿಗಳನ್ನು ಕಂಡಂತೆಯೇ ಹೇಳಲು ಅವಕಾಶವಿದೆ.

ಮೊದಲು ಶಬ್ದವಿಚಾರ. ಆ ಎರಡು ವರ್ಷಗಳಲ್ಲಿ ವೃತ್ತಪತ್ರಿಕೆಗಳು ‘ಲಾಕ್‌ಡೌನ್ ತೆರವು’ ಎಂಬ ಮಾತನ್ನು ಮನೆಮನೆಗೂ ಮುಟ್ಟಿಸಿದುವು. ‘ತೆರೆ’ ಧಾತುವಿನ ಬಳಗದ ಈ ಶಬ್ದಕ್ಕೆ ಎರಡು ಮುಖಗಳುಂಟು. ಮುಚ್ಚಿದುದು ತೆರೆದುಕೊಂಡರೆ ಅದು ತೆರವು. ತುಂಬಿದುದು ಬರಿದಾದರೂ ಅದು ತೆರವೇ. ಮನೆಯನ್ನು ತೆರವು ಮಾಡುವುದೆಂದರೆ ಬಿಟ್ಟುಹೋಗುವುದು. ಪ್ಲೇಗಿನ ಕಾಲದಲ್ಲಿ ನಮ್ಮ ಹಿರಿಯರು ಬಾಳಿಸಿದುದು ಈ ಎರಡನೆಯ ಅರ್ಥವನ್ನು. ನಾವು ಬಾಳಿಸಿದುದು ಮೊದಲನೆಯದನ್ನು. ಒಂದೇ ಶಬ್ದವು ಒಂದು ಶತಮಾನದೊಳಗೆ ಮುಖವನ್ನು ತಿರುಗಿಸಿತೆಂಬುದು ಕೇವಲ ನಿಘಂಟಿನ ಸಂಗತಿಯಲ್ಲ.

ಸ್ಥಳಪರಿಚಯವೂ ಸ್ವಲ್ಪ ಅವಶ್ಯಕ. ಚನ್ನಗಿರಿಯು ಅಡಕೆಯ ತೋಟಗಳ ಸೀಮೆ. ಶಾಂತಿಸಾಗರವೆಂದೂ ಕರೆಯಲ್ಪಡುವ ಸೂಳೆಕೆರೆಯು ಇದರಲ್ಲಿದೆ. ಹೊನ್ನಾಳಿಯು ತುಂಗಭದ್ರೆಯ ದಡದ ಬತ್ತದ ನಾಡು. ನ್ಯಾಮತಿಯು ಮಲೆನಾಡಿಗೂ ಬಯಲುಸೀಮೆಗೂ ನಡುವಣ ವ್ಯಾಪಾರಸ್ಥಳ. ಇತ್ತೀಚಿನ ವರ್ಷಗಳಲ್ಲಿ ಹೊನ್ನಾಳಿಯಿಂದ ಬೇರ್ಪಟ್ಟು ತಾನೇ ತಾಲ್ಲೂಕಾಯಿತು. ಜಗಳೂರು ಮಳೆಯನ್ನೇ ನಂಬಿದ ಒಣಭೂಮಿ. ಮೆಕ್ಕೆಜೋಳ, ಈರುಳ್ಳಿಗಳ ಬೇಸಾಯ ಅಲ್ಲಿಯದು. ೧೯೯೭ನೆಯ ಆಗಸ್ಟ್ ೧೫ರಂದು ದಾವಣಗೆರೆ ಜಿಲ್ಲೆಯು ಹುಟ್ಟುವವರೆಗೆ ಚನ್ನಗಿರಿ ಹೊನ್ನಾಳಿಗಳು ಶಿವಮೊಗ್ಗದವು, ಜಗಳೂರು ಚಿತ್ರದುರ್ಗದ್ದು. ಈ ನಾಲ್ಕು ಪಟ್ಟಣಗಳಲ್ಲಿ ಒಂದಕ್ಕಾದರೂ ರೈಲಿಲ್ಲ. ಜನರು ಬರುವುದೂ ಹೋಗುವುದೂ ಬಸ್ಸಿನಲ್ಲಿಯೇ. ಈ ಎರಡು ಸಂಗತಿಗಳು ಮುಂದೆ ಬೇಕಾಗುವುವು.

೨

೧೮೯೬ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ೧೮೯೮ರ ಆಗಸ್ಟಿನಲ್ಲಿ ಬೆಂಗಳೂರನ್ನು ಮುಟ್ಟಿತು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗುವ ರೈಲುಹಾದಿಯು ಹರಿಹರ, ದಾವಣಗೆರೆಗಳ ಮೇಲೆಯೇ ಹಾದುಹೋಗುವುದೆಂಬುದನ್ನು ನೆನೆದರೆ, ಮಾರಿಯು ನಮ್ಮ ಸೀಮೆಗೆ ಎಷ್ಟು ಹತ್ತಿರದ ಹೆದ್ದಾರಿಯಲ್ಲಿ ನಡೆದುಬಂದಿತೆಂಬುದು ತಿಳಿಯುವುದು. ಅದನ್ನು ತಡೆಯಲು ಆಗಿನ ಬ್ರಿಟಿಷ್ ಸರ್ಕಾರವು ೧೮೯೭ರಲ್ಲಿ ಮಾಡಿದ ಸಾಂಕ್ರಾಮಿಕ ರೋಗಗಳ ಕಾಯಿದೆಯ ಬಲದಿಂದಲೇ ೨೦೨೦ರ ಮಾರ್ಚಿ ತಿಂಗಳಲ್ಲಿ ಕರ್ನಾಟಕ ಸರ್ಕಾರವು ತನ್ನ ಮೊದಲ ನಿಯಮಗಳನ್ನು ಹೊರಡಿಸಿತು. ಕಾಯಿದೆ ಒಂದೇ; ಅದರಡಿಯಲ್ಲಿ ಜನರು ನಡೆದ ದಿಕ್ಕು ಮಾತ್ರ ಬೇರೆ.

ಪ್ಲೇಗಿಗೆ ಆಗ ತಿಳಿದಿದ್ದ ದೊಡ್ಡ ಪರಿಹಾರವೆಂದರೆ ಊರು ಬಿಡುವುದು. ಇಲಿ ಬಿದ್ದಿತೆಂದರೆ ಜನರು ಪಾತ್ರೆಪಡಗ, ದನಕರುಗಳೊಡನೆ ಹೊಲಗಳಿಗೆ ಹೋಗಿ ಗುಡಿಸಲು ಕಟ್ಟಿಕೊಳ್ಳುವರು. ಹಿಂದಿರುಗುವಾಗ ಹೆಂಚುಗಳನ್ನು ತೆಗೆದು ಮನೆಯೊಳಕ್ಕೆ ಬಿಸಿಲು ಬಿಡಿಸುವುದು, ಗೋಡೆಗೆ ಸುಣ್ಣ, ನೆಲಕ್ಕೆ ಸಗಣಿ ಇವೆಲ್ಲ ನಡೆಯುವುವು. ಸಾಹಿತ್ಯದ ಅಧ್ಯಾಪಕರಿಗೆ ಇದು ಹೊಸದಲ್ಲ. ತಿಪಟೂರು ಚನ್ನರಾಯಪಟ್ಟಣಗಳ ಸೀಮೆಯ ಈ ಜೀವನವನ್ನು ಭೈರಪ್ಪನವರ ‘ಗೃಹಭಂಗ’ವು (೧೯೭೦) ಚಿತ್ರಿಸಿದೆ, ಅನಂತಮೂರ್ತಿಯವರ ‘ಸಂಸ್ಕಾರ’ದಲ್ಲಿ (೧೯೬೫) ಅಗ್ರಹಾರದ ಮೇಲೆ ಎರಗುವುದೂ ಪ್ಲೇಗೇ.

ಈ ಸ್ಥಾನತ್ಯಾಗವು ನಮ್ಮ ದೇಶದಲ್ಲಿ ಪ್ರಾಚೀನವಾದ ವಿಧಿ. ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯವು ಜನಪದೋದ್ಧ್ವಂಸವನ್ನೇ ವಿಷಯವಾಗಿ ಉಳ್ಳದ್ದು. ಬೇರೆ ಬೇರೆ ಪ್ರಕೃತಿಯ ಜನರೆಲ್ಲ ಒಂದೇ ಕಾಲದಲ್ಲಿ ಒಂದೇ ವ್ಯಾಧಿಯಿಂದ ಹೇಗೆ ಸಾಯುವರೆಂಬ ಅಗ್ನಿವೇಶನ ಸಂಶಯಕ್ಕೆ, ಎಲ್ಲರಿಗೂ ಸಮಾನವಾದ ವಾಯು, ಉದಕ, ದೇಶ, ಕಾಲ ಈ ನಾಲ್ಕು ಕೆಟ್ಟಾಗ ಹಾಗಾಗುವುದೆಂದು ಆತ್ರೇಯನು ಸಮಾಧಾನ ಹೇಳುವನು. ಸುಶ್ರುತನು ಇಂಥ ಸಂದರ್ಭದಲ್ಲಿ ಸ್ಥಾನಪರಿತ್ಯಾಗವನ್ನು ವಿಧಿಸುವನು. ದೇಶವು ಕೆಟ್ಟರೆ ದೇಶವನ್ನು ಬಿಡಬೇಕೆಂಬುದು ತರ್ಕಬದ್ಧವೇ ಸರಿ. ಆದರೆ ೨೦೨೦ರ ವ್ಯಾಧಿಯಲ್ಲಿ ಕೆಟ್ಟದ್ದು ಮನುಷ್ಯನ ಉಸಿರು. ಉಸಿರನ್ನು ಬಿಟ್ಟು ಯಾವ ಹೊಲಕ್ಕೆ ಹೋಗುವುದು? ಆದುದರಿಂದ ಪರಿಹಾರವು ತಿರುಗುಮುರುಗಾಯಿತು. ಅಂದು ಮನೆಯಿಂದ ಹೊರಗಿದ್ದವನು ಸುರಕ್ಷಿತ, ಇಂದು ಮನೆಯೊಳಗಿದ್ದವನು.

ನಮ್ಮ ಸೀಮೆಯ ಹೊರಬೀಡಿನ ಆಚರಣೆಯು ಇದಕ್ಕೆ ಒಳ್ಳೆಯ ಸಾಕ್ಷಿ. ಮಾರಿಬೇನೆ ಬರಬಾರದೆಂದೋ, ಬಂದುದು ಹೋಗಲೆಂದೋ ಇಡೀ ಊರು ಒಂದು ದಿನ ಒಲೆಯಾರಿಸಿ, ಬಾಗಿಲಿಕ್ಕಿ, ಎತ್ತು, ಎಮ್ಮೆ, ಕೋಳಿಗಳೊಡನೆ ಎಲ್ಲೆಯಾಚೆ ಬೀಡುಬಿಡುವುದು. ಹಿಂದೆ ಯಾರೂ ಒಳಹೋಗದಂತೆ ಊರ ದಾರಿಗೆ ಮುಳ್ಳು ಹಚ್ಚುವರು. ಸಂಜೆ ಗ್ರಾಮದೇವತೆಗೆ ಪೂಜೆಯಾದ ಮೇಲೆಯೇ ಮರುಪ್ರವೇಶ. ದಾವಣಗೆರೆ, ಚಿತ್ರದುರ್ಗಗಳ ಕಡೆ ಆಷಾಢದಲ್ಲಿ ನಡೆಯುವ ಅಜ್ಜಿಹಬ್ಬದಲ್ಲಿ ಹೋಳಿಗೆಯ ಎಡೆಯೊಡನೆ ಬೇನೆಯನ್ನು ಊರ ಗಡಿ ದಾಟಿಸುವುದೂ ಇದೇ ಭಾವದ್ದು. ಇವುಗಳಿಂದ ಕಾಯಿಲೆ ವಾಸಿಯಾಗುವುದೆಂದು ನಾನು ಹೇಳುತ್ತಿಲ್ಲ. ಹೊರಬೀಡಿನಲ್ಲಿ ಎಲ್ಲರೂ ಒಟ್ಟಿಗೆ ಹೊರಡುವರು, ಎಲ್ಲರೂ ಒಟ್ಟಿಗೆ ಒಳಗೆ ಬರುವರು. ಊರು ಒಂದೇ ಮುಹೂರ್ತದಲ್ಲಿ ತೆರೆಯುವುದು. ಈ ಅಂಶವೊಂದನ್ನು ವಾಚಕರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

೩

೨೦೨೦ರ ಮಾರ್ಚಿ ೨೨ರಂದು ಜನತಾ ಕರ್ಫ್ಯೂ. ೨೫ರಿಂದ ದೇಶವ್ಯಾಪಿಯಾದ ದಿಗ್ಬಂಧನ. ಆ ದಿನಗಳಲ್ಲಿ ಕರ್ನಾಟಕದ ಅನೇಕ ಗ್ರಾಮಗಳವರು ತಾವಾಗಿಯೇ ಊರ ದಾರಿಗೆ ಜಾಲಿಯ ಮುಳ್ಳನ್ನೂ ಕಲ್ಲನ್ನೂ ಅಡ್ಡವಿಟ್ಟರು. ಅದು ಹೊರಬೀಡಿನ ಮುಳ್ಳೇ ಆಗಿದ್ದಿತು. ಆದರೆ ಜನರು ಈ ಸಲ ಅದರ ಒಳಗಡೆ ಇದ್ದರು. ಹೊರಗೆ ನಿಂತವರಾದರೂ ಯಾರು? ಪರರಲ್ಲ. ಬೆಂಗಳೂರಿನ ಕಟ್ಟಡದ ಕೆಲಸಕ್ಕೂ ಮಲೆನಾಡಿನ ಕಾಫಿತೋಟಗಳಿಗೂ ಗುಳೆ ಹೋಗಿದ್ದ ತಮ್ಮವರೇ. ಮೇ ೩ರಿಂದ ಕೆಲವು ದಿನ ಸರ್ಕಾರವು ಬೆಂಗಳೂರಿನಿಂದ ಉಚಿತವಾಗಿ ಬಸ್ಸುಗಳನ್ನು ಬಿಟ್ಟು ಇವರನ್ನು ಊರುಗಳಿಗೆ ಕಳುಹಿಸಿತು. ಗಂಟು ಹೊತ್ತು, ಮಕ್ಕಳ ಕೈ ಹಿಡಿದು ಬಂದವರು ಮುಳ್ಳಿನಾಚೆ ನಿಂತು ಒಳಗಿನವರನ್ನು ಅಣ್ಣ, ಕಾಕಾ ಎಂದು ಕೂಗಿ ಕರೆದ ದೃಶ್ಯವು ಆ ಬೇಸಗೆಯಲ್ಲಿ ಹಲವೆಡೆ ಕಂಡುಬಂದಿತು. ಮೊದಲು ತೆರೆಯಬೇಕಾದುದು ಈ ಮುಳ್ಳು. ಅದನ್ನು ತೆಗೆಯಲು ಯಾವ ಆಜ್ಞೆಯೂ ಬರಲಿಲ್ಲ. ಕೆಲವೆಡೆ ತಾಯಂದಿರು ತೆಗೆದರು. ಕೆಲವೆಡೆ ಮುಂಗಾರಿನ ಮೊದಲ ಮಳೆಯಾಗಿ, ಎತ್ತುಗಳು ಹೊಲಕ್ಕೆ ಹೋಗಬೇಕಾಗಿ ಬಂದಾಗ ಅದು ತಾನೇ ದಾರಿ ಬಿಟ್ಟಿತು.

ಏಪ್ರಿಲ್ ೩೦ರ ಕೇಂದ್ರಸರ್ಕಾರದ ಪಟ್ಟಿಯಲ್ಲಿ ದಾವಣಗೆರೆಯು ಹಸಿರು ವಲಯವೆಂದು ಎಣಿಸಲ್ಪಟ್ಟಿತ್ತು. ಅದೇ ದಿನಗಳಲ್ಲಿ ದಾವಣಗೆರೆ ಪಟ್ಟಣದಲ್ಲಿ ಹೊಸ ರೋಗಿಗಳು ಕಾಣಿಸಿಕೊಂಡುದರಿಂದ ಆ ಹಸಿರು ಬಾಳಲಿಲ್ಲ. ಮೇ ೪ರಂದು ರಾಜ್ಯದಲ್ಲಿ ಮದ್ಯದ ಅಂಗಡಿಗಳು, ೧೯ರಂದು ಬಸ್ಸುಗಳು, ಜೂನ್ ೮ರಂದು ದೇವಾಲಯಗಳು ತೆರೆದುವು. ಬಸ್ಸಿಗೆ ಮೂವತ್ತೇ ಜನ. ಬೆಳಗ್ಗೆ ಏಳರಿಂದ ಸಂಜೆ ಏಳರವರೆಗೆ ಮಾತ್ರ ಸಂಚಾರ.

ಆ ಬೇಸಗೆಯಲ್ಲಿ ನಮ್ಮ ಬಯಲುಸೀಮೆಗೆ ಬಿದ್ದ ಪೆಟ್ಟು ವಿಚಿತ್ರವಾದ ದಾರಿಯಲ್ಲಿ ಬಂದಿತು. ಕೋಳಿಯ ಮಾಂಸದಿಂದ ರೋಗ ಹರಡುವುದೆಂಬ ಸುಳ್ಳುಸುದ್ದಿಯು ದಿಗ್ಬಂಧನಕ್ಕೆ ಮೊದಲೇ ಹಬ್ಬಿತ್ತು. ಕೋಳಿಯ ವ್ಯಾಪಾರ ಬಿದ್ದಿತು. ಕೋಳಿಯ ಮೇವಾದ ಮೆಕ್ಕೆಜೋಳವನ್ನು ಕೇಳುವವರು ಇಲ್ಲವಾದರು. ಜಗಳೂರಿನ ರೈತನ ಕಣಜದಲ್ಲಿ ಹಿಂದಿನ ವರ್ಷದ ಜೋಳವು ಕುಳಿತುಬಿಟ್ಟಿತು. ಮೇ ತಿಂಗಳಲ್ಲಿ ಸರ್ಕಾರವು ಮೆಕ್ಕೆಜೋಳದ ಬೆಳೆಗಾರರಿಗೆ ತಲಾ ೫,೦೦೦ ರೂಪಾಯಿಗಳ ನೆರವನ್ನು ಪ್ರಕಟಿಸಿತು. ಕ್ಷೌರಿಕರಿಗೂ, ಅಗಸರಿಗೂ, ಆಟೋ ಚಾಲಕರಿಗೂ ಅಷ್ಟೇ ಮೊತ್ತ. ಈ ಪಟ್ಟಿಯನ್ನು ಓದುವಾಗ ಒಂದು ಊರು ಯಾರ ಯಾರ ಕೈಗಳಿಂದ ನಡೆಯುವುದೆಂಬುದು ಸ್ಪಷ್ಟವಾಗುವುದು. ಹಳೆಯ ಶಾಸನಗಳಲ್ಲಿ ಗ್ರಾಮದ ವೃತ್ತಿಗಳನ್ನು ಹೆಸರಿಸುವ ಕ್ರಮವಿರುವುದಷ್ಟೆ. ೨೦೨೦ರ ಪರಿಹಾರದ ಆಜ್ಞೆಯೂ ಅಂಥದೇ ಒಂದು ಲೆಕ್ಕ. ಒಂದು ಭೇದವೇನೆಂದರೆ, ಶಾಸನವು ವೃತ್ತಿಯುಳ್ಳವರನ್ನು ಎಣಿಸುವುದು. ಈ ಆಜ್ಞೆಯು ವೃತ್ತಿ ನಿಂತವರನ್ನು ಎಣಿಸಿತು.

೪

ಎರಡನೆಯ ಅಲೆಯು ಇದಕ್ಕಿಂತ ಕಠಿಣವಾದುದು. ೨೦೨೧ರ ಏಪ್ರಿಲ್ ೨೭ರ ರಾತ್ರಿಯಿಂದ ರಾಜ್ಯದಲ್ಲಿ ನಿರ್ಬಂಧ. ಮೇ ೧೦ರಿಂದ ಪೂರ್ಣ ದಿಗ್ಬಂಧನ. ಬೆಳಗ್ಗೆ ಆರರಿಂದ ಹತ್ತರವರೆಗೆ ದಿನಸಿ, ತರಕಾರಿಗಳ ಅಂಗಡಿಗಳು. ಅನಂತರ ಬೀದಿ ಬರಿದು.

ಮುಹೂರ್ತವನ್ನು ನೋಡುವ ನನ್ನಂಥವರಿಗೆ ಈ ನಾಲ್ಕು ಗಂಟೆಗಳು ಹೊಸ ಪಂಚಾಂಗವಾದುವು. ಸೂರ್ಯನು ವೃಷಭದಲ್ಲಿದ್ದ ಆ ತಿಂಗಳಿನಲ್ಲಿ ಸಿಂಹಲಗ್ನವೂ ಅಭಿಜಿನ್ಮುಹೂರ್ತವೂ ಹತ್ತು ಗಂಟೆಯ ಆಚೆಗೆ ಬೀಳುವುವು. ಎಲ್ಲರೂ ಮಿಥುನಲಗ್ನವನ್ನೇ ಕೇಳುವರು. ಮದುವೆಗೆ ನಲವತ್ತು ಜನರ ಮಿತಿ. ನಲವತ್ತರಲ್ಲಿ ಸೋದರಮಾವನನ್ನು ಸೇರಿಸಿ ಅತ್ತೆಯನ್ನು ಬಿಡುವುದೆ, ಓಲಗದವರನ್ನು ಎಣಿಸುವುದೆ ಬಿಡುವುದೆ ಎಂಬ ಧರ್ಮಸಂಕಟಗಳಿಗೆ ಯಾವ ಸ್ಮೃತಿಯಲ್ಲಿಯೂ ನಿರ್ಣಯವಿಲ್ಲ. ಹೊಳೆಯ ಸೋಪಾನದ ಮೇಲೆ ಮಾಸಿಕಗಳನ್ನು ಮಾಡಿಸಲು ಬಂದವರ ಸಂಖ್ಯೆಯು ಆ ವರ್ಷ ಹೆಚ್ಚು. ಅವರೊಡನೆ ಬಂದ ಬಂಧುಗಳ ಸಂಖ್ಯೆಯು ಕಡಮೆ.

ಜೂನ್ ೧೪ರಿಂದ ೧೯ ಜಿಲ್ಲೆಗಳಿಗೆ ಸಡಿಲಿಕೆ ದೊರೆಯಿತು. ಸೋಂಕಿನ ಪ್ರಮಾಣ ಹೆಚ್ಚಾಗಿದ್ದ ೧೧ ಜಿಲ್ಲೆಗಳಿಗೆ ದೊರೆಯಲಿಲ್ಲ. ದಾವಣಗೆರೆ, ಶಿವಮೊಗ್ಗ, ಚಿಕ್ಕಮಗಳೂರು ಈ ಹನ್ನೊಂದರಲ್ಲಿ; ಚಿತ್ರದುರ್ಗ, ಬಳ್ಳಾರಿ, ಹಾವೇರಿ ಹತ್ತೊಂಬತ್ತರಲ್ಲಿ. ಭೂಪಟವನ್ನು ಮುಂದಿಟ್ಟುಕೊಂಡು ನೋಡಿದರೆ ನಮ್ಮ ನಾಲ್ಕು ತಾಲ್ಲೂಕುಗಳ ಸ್ಥಿತಿಯು ನಾಲ್ಕು ಬಗೆಯಾಗಿ ಕಾಣುವುದು. ನ್ಯಾಮತಿಗೆ ಶಿವಮೊಗ್ಗ, ಶಿಕಾರಿಪುರಗಳು ನೆರೆ; ತಾನೂ ಮುಚ್ಚಿ, ನೆರೆಯೂ ಮುಚ್ಚಿ, ಮಲೆನಾಡಿಗೂ ಬಯಲಿಗೂ ನಡುವಣ ಪೇಟೆಗೆ ಎರಡು ಕಡೆಯ ಬಾಗಿಲೂ ಇಲ್ಲವಾಯಿತು. ಚನ್ನಗಿರಿಗೆ ಭದ್ರಾವತಿ, ತರೀಕೆರೆಗಳ ಕಡೆ ಮುಚ್ಚಿದ ಗಡಿ, ಹೊಳಲ್ಕೆರೆಯ ಕಡೆ ತೆರೆದ ಗಡಿ. ಹೊನ್ನಾಳಿಯವರಿಗೆ ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತೆರೆದ ಊರು; ತಮ್ಮದು ಮುಚ್ಚಿದ ಊರು. ಜಗಳೂರಿನವರಿಗೋ ಚಿತ್ರದುರ್ಗದ ಕಡೆಗೂ ಕೂಡ್ಲಿಗಿಯ ಕಡೆಗೂ ತಮ್ಮ ಎಲ್ಲೆ ದಾಟಿದೊಡನೆ ತೆರೆದ ಅಂಗಡಿಗಳು.

ಚರಿತ್ರೆಯ ವಿದ್ಯಾರ್ಥಿಯು ಇಲ್ಲಿ ಸ್ವಲ್ಪ ನಿಲ್ಲಬೇಕು. ಜಗಳೂರು ೧೯೯೭ಕ್ಕೆ ಮೊದಲಿನಂತೆ ಚಿತ್ರದುರ್ಗಕ್ಕೇ ಸೇರಿದ್ದರೆ ಜೂನ್ ೧೪ರಂದೇ ತೆರೆಯುತ್ತಿತ್ತು. ಅದೇ ವರ್ಷ ಬಳ್ಳಾರಿಯಿಂದ ಬಂದು ದಾವಣಗೆರೆಗೆ ಸೇರಿ, ಎರಡು ದಶಕಗಳ ಬಳಿಕ ಬಳ್ಳಾರಿಯ ಕಡೆಗೇ ಮರಳಿದ ಹರಪನಹಳ್ಳಿಯು ಆ ದಿನ ತೆರೆಯಿತು. ಚನ್ನಗಿರಿ ಹೊನ್ನಾಳಿಗಳಾದರೋ ಶಿವಮೊಗ್ಗದಲ್ಲಿಯೇ ಉಳಿದಿದ್ದರೂ ಅವುಗಳ ಸ್ಥಿತಿಯಲ್ಲಿ ವ್ಯತ್ಯಾಸವಾಗುತ್ತಿರಲಿಲ್ಲ. ಹೀಗೆ ಆಡಳಿತದ ಸೌಕರ್ಯಕ್ಕಾಗಿ ಎಳೆದ ಗೆರೆಯೊಂದು ಇಪ್ಪತ್ತನಾಲ್ಕು ವರ್ಷಗಳ ಮೇಲೆ ಒಬ್ಬ ಚಹದಂಗಡಿಯವನ ಒಂದು ವಾರದ ದುಡಿಮೆಯನ್ನು ನಿರ್ಣಯಿಸಿತು. ಪ್ಲೇಗಿನ ಕಾಲದಲ್ಲಿ ಹಿಂದಿರುಗುವ ದಿನವನ್ನು ಗೊತ್ತುಮಾಡುತ್ತಿದ್ದುದು ಆಯಾ ಊರಿನ ಇಲಿಗಳ ಸ್ಥಿತಿ. ೨೦೨೧ರಲ್ಲಿ ಇಡೀ ಜಿಲ್ಲೆಯ ಶೇಕಡಾವಾರು ಲೆಕ್ಕ. ಅಳತೆಯ ಮಾನವು ದೊಡ್ಡದಾದಷ್ಟೂ ಅದರಲ್ಲಿ ಸಣ್ಣ ಊರು ಕಾಣಿಸದು. ರೋಗಿಯು ಆಸ್ಪತ್ರೆಗಾಗಿ ಜಿಲ್ಲಾಪಟ್ಟಣಕ್ಕೇ ಹೋಗಬೇಕಾಗಿರುವಾಗ ಜಿಲ್ಲೆಯನ್ನೇ ಮಾನವಾಗಿ ಹಿಡಿಯುವುದು ತಪ್ಪೆಂದು ಹೇಳುವಂತೆಯೂ ಇಲ್ಲ. ಎರಡನ್ನೂ ಬರೆದಿಡುವುದು ನಮ್ಮ ಕೆಲಸ.

ಜೂನ್ ೨೧ರಂದು ದಾವಣಗೆರೆಯು ಎರಡನೆಯ ವರ್ಗಕ್ಕೆ ಬಂದು, ಅಂಗಡಿಗಳಿಗೆ ಮಧ್ಯಾಹ್ನ ಎರಡು ಗಂಟೆಯವರೆಗೆ ಅವಕಾಶವಾಯಿತು. ಅತ್ತ ಹಾವೇರಿಗೆ ಸಂಜೆ ಐದರವರೆಗೆ. ಹದಿನೆಂಟು ವರ್ಷ ಮೀರಿದವರೆಲ್ಲರಿಗೂ ಕೇಂದ್ರಸರ್ಕಾರದ ಉಚಿತ ಲಸಿಕೆಯು ಆರಂಭವಾದುದೂ ಅದೇ ದಿನ. ಜುಲೈ ೫ರಿಂದ ಅಂಗಡಿಗಳು ರಾತ್ರಿ ಒಂಬತ್ತರವರೆಗೆ. ಬಸ್ಸಿನಲ್ಲಿ ಪೂರ್ಣ ಆಸನಗಳು. ದೇವಾಲಯದಲ್ಲಿ ದರ್ಶನವುಂಟು, ಸೇವೆಯಿಲ್ಲ.

ರೈತರು ಇದನ್ನು ಬೇರೆ ಕಾಲಮಾನದಲ್ಲಿ ಎಣಿಸಿದರು. ಜೂನ್ ೧೪ ಮೃಗಶಿರೆಯ ಮಳೆಯೊಳಗಿನ ದಿನ. ೨೧ ಆರ್ದ್ರೆಯ ಮುನ್ನಾದಿನ. ಜುಲೈ ೫ ಪುನರ್ವಸುವಿನ ಮುನ್ನಾದಿನ. ಒಂದೊಂದು ಸಡಿಲಿಕೆಗೂ ಒಂದೊಂದು ಮಳೆ ದಾಟಿತು. ಕೃಷಿಗೆ ವಿನಾಯಿತಿ ಇದ್ದುದು ನಿಜ. ಆದರೆ ಬಿತ್ತನೆಯು ಬೀಜದ ಅಂಗಡಿಯೊಂದರಿಂದ ಆಗುವ ಕೆಲಸವಲ್ಲ. ಕೂರಿಗೆಯನ್ನು ತಿದ್ದುವ ಬಡಗಿ, ಕುಳ ತಟ್ಟುವ ಕಮ್ಮಾರ, ಕೈಗಡ ಕೊಡುವ ಅಂಗಡಿಯವನು, ಪಕ್ಕದ ಊರಿನಿಂದ ಬಸ್ಸಿನಲ್ಲಿ ಬರುವ ಕೂಲಿಯವರು ಇಷ್ಟೂ ಮಂದಿ ಕೂಡಬೇಕು. ಹದವು ಹಾರಿಹೋಗುವುದಕ್ಕೆ ಮೊದಲು ಇವರೆಲ್ಲರನ್ನೂ ಬೆಳಗಿನ ಹೊತ್ತಿನಲ್ಲಿ ಕೂಡಿಸಿಕೊಂಡು ಬಿತ್ತಿದುದೇ ಆ ವರ್ಷದ ಮುಂಗಾರಿನ ಕಥೆ.

೫

ಈ ಎರಡು ವರ್ಷಗಳನ್ನೂ ಒಟ್ಟಿಗೆ ಇಟ್ಟು ನೋಡಿದರೆ ಬಾಗಿಲುಗಳು ತೆರೆದ ಅನುಕ್ರಮವು ತಿಳಿಯುವುದು. ಹಾಲು, ಔಷಧ, ದಿನಸಿ ಮುಚ್ಚಲೇ ಇಲ್ಲ. ಬೊಕ್ಕಸಕ್ಕೆ ಆದಾಯ ತರುವ ಮದ್ಯದ ಅಂಗಡಿಯು ಮೊದಲ ಸಲದ ದಿಗ್ಬಂಧನದಲ್ಲಿ ಬಸ್ಸಿಗಿಂತ ಹದಿನೈದು ದಿನ ಮುಂಚೆ ತೆರೆಯಿತು. ತರುವಾಯ ರಸ್ತೆ, ತರುವಾಯ ಗುಡಿ. ಎಲ್ಲಕ್ಕೂ ಕಡೆಯದು ಶಾಲೆ. ಒಂಬತ್ತರಿಂದ ಹನ್ನೆರಡರವರೆಗಿನ ತರಗತಿಗಳು ೨೦೨೧ರ ಆಗಸ್ಟ್ ೨೩ರಂದು, ಆರರಿಂದ ಎಂಟು ಸೆಪ್ಟೆಂಬರ್ ೬ರಂದು, ಒಂದರಿಂದ ಐದು ಅಕ್ಟೋಬರ್ ೨೫ರಂದು. ೨೦೨೦ರ ಮಾರ್ಚಿಯಲ್ಲಿ ಒಂದನೆಯ ತರಗತಿಯಲ್ಲಿದ್ದ ಮಗುವು ಮತ್ತೆ ಬೆಂಚಿನ ಮೇಲೆ ಕುಳಿತಾಗ ಮೂರನೆಯ ತರಗತಿಯಲ್ಲಿದ್ದಿತು. ನಡುವೆ ಹತ್ತೊಂಬತ್ತು ತಿಂಗಳು. ೨೦೨೦ರ ಆಗಸ್ಟಿನಲ್ಲಿ ಆರಂಭವಾದ ವಿದ್ಯಾಗಮವು ಮರದ ನೆರಳಿಗೂ ಗುಡಿಯ ಜಗಲಿಗೂ ಪಾಠವನ್ನು ಕೊಂಡೊಯ್ದಿತು. ಅದೂ ಅಕ್ಟೋಬರಿನಲ್ಲಿ ನಿಂತಿತು. ಜಂಗಮವಾಣಿಯ ಪಾಠವು ಜಂಗಮವಾಣಿ ಉಳ್ಳವರ ಮಕ್ಕಳಿಗೆ. ತಾಂಡಾಗಳ, ಗುಳೆಯ ಕುಟುಂಬಗಳ ಮಕ್ಕಳಲ್ಲಿ ಅಕ್ಷರವನ್ನು ಮರೆತು ಕೂಲಿಯನ್ನು ಕಲಿತವರುಂಟು.

ಹೊರಬೀಡಿನ ಸಂಜೆ ಊರು ಒಂದೇ ಮುಹೂರ್ತದಲ್ಲಿ ತೆರೆಯುವುದೆಂದು ಮೇಲೆ ಹೇಳಿದೆನು. ನಮ್ಮ ಕಾಲದ ತೆರವು ಹಾಗಾಗಲಿಲ್ಲ, ಆಗುವಂತೆಯೂ ಇರಲಿಲ್ಲ. ಸೋಂಕಿನ ಸ್ವಭಾವವೇ ಹಂತಗಳನ್ನು ಬೇಡುವಂಥದು. ಆದರೆ ಹಂತಗಳುಂಟಾದಾಗ ಯಾರು ಮೊದಲು, ಯಾರು ಕಡೆ ಎಂಬ ಪ್ರಶ್ನೆಯೂ ಉಂಟಾಗುವುದು. ಅದಕ್ಕೆ ಒಂದು ಕಾಲವು ಕೊಟ್ಟ ಉತ್ತರದಲ್ಲಿ ಆ ಕಾಲದ ಮನಸ್ಸು ಕಾಣುವುದು. ಕಡೆಗೆ ತೆರೆದುದು ಮಗುವಿನ ಬಾಗಿಲು ಎಂಬುದನ್ನು ಮಕ್ಕಳ ಮೇಲಿನ ಭಯಪ್ರೀತಿಗಳಿಂದ ಸಮರ್ಥಿಸಬಹುದು. ಅವರ ಪರವಾಗಿ ಕೇಳುವವರು ಕಡಮೆಯಿದ್ದರೆಂದೂ ಹೇಳಬಹುದು. ಎರಡೂ ನಿಜವೆಂದೇ ನನಗೆ ತೋರುವುದು.

೬

೧೯೧೮ರ ವಿಷಮಶೀತಜ್ವರವನ್ನು ಇಲ್ಲಿ ನೆನೆಯಬೇಕು. ಯುದ್ಧದಿಂದ ಹಿಂದಿರುಗಿದ ಸೈನಿಕರೊಡನೆ, ರೈಲುಗಳೊಡನೆ ಬಂದ ಆ ಜ್ವರವು ಮಳೆಯೂ ಕೈಕೊಟ್ಟ ವರ್ಷದಲ್ಲಿ ನಾಡನ್ನು ಹೊಕ್ಕಿತು. ಮೈಸೂರು ಸಂಸ್ಥಾನದ ಜನಸಂಖ್ಯೆಯು ೧೯೧೧ರಲ್ಲಿ ೫೮,೦೬,೧೯೩, ೧೯೨೧ರಲ್ಲಿ ೫೯,೭೮,೮೯೨. ಹತ್ತು ವರ್ಷಗಳಲ್ಲಿ ಶೇಕಡಾ ಸುಮಾರು ೩ರ ಏರಿಕೆ ಮಾತ್ರ. ಮುಂದಿನ ದಶಕದಲ್ಲಿ ಅದು ಶೇಕಡಾ ೯ನ್ನು ಮೀರಿತು. ಮೊದಲ ದಶಕದಲ್ಲಿ ಕಾಣೆಯಾದವರ ಕಥೆಯು ಈ ಅಂಕಿಗಳ ನಡುವಣ ತೆರಪಿನಲ್ಲಿದೆ. ಪ್ಲೇಗಿಗೆ ನಮ್ಮ ಕಾದಂಬರಿಕಾರರು ದೊರೆತರು. ಈ ಜ್ವರದ ನೆನಪು ನಮ್ಮ ಊರುಗಳಲ್ಲಿ ಅಜ್ಜಿಯರೊಡನೆಯೇ ಹೋಯಿತು. ಆ ವರ್ಷ ಹೊನ್ನಾಳಿಯಲ್ಲಿ ಸಂತೆಯು ಮತ್ತೆ ಎಂದು ಕೂಡಿತೆಂದು ಕೇಳಿದರೆ ಹೇಳುವವರಿಲ್ಲ.

೨೦೨೧ಕ್ಕೆ ಹಾಗಾಗಬಾರದು. ಆಜ್ಞಾಪತ್ರಗಳು ಹೇಗೂ ಉಳಿಯುವುವು. ಉಳಿಯದಿರುವುವು ಬೇರೆ: ದಿನಾಂಕವನ್ನು ಹೊಡೆದುಹಾಕಿ ತಿದ್ದಿದ ಲಗ್ನಪತ್ರಿಕೆ, ಅಂಗಡಿಯ ಉದ್ದರಿಯ ಪುಸ್ತಕ, ಗ್ರಾಮಪಂಚಾಯಿತಿಯವರು ಹೊಡೆಸಿದ ಡಂಗುರದ ಮಾತು, ಸೇವಾಸಿಂಧುವಿನ ಚೀಟಿ, ಶಾಲೆಯ ಹಾಜರಿ ಪುಸ್ತಕದ ಬರಿಯ ಪುಟಗಳು. ತಾಲ್ಲೂಕುಗಳಲ್ಲಿರುವ ಕನ್ನಡ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳಿಂದ ಇವುಗಳನ್ನು ಮನೆಮನೆಯಲ್ಲಿ ಹುಡುಕಿಸಿ, ಊರು, ದಿನಾಂಕಗಳೊಡನೆ ನಕಲು ಮಾಡಿಸಿಡಬೇಕೆಂದು ನನ್ನ ಪ್ರಾರ್ಥನೆ. ಮುಳ್ಳನ್ನು ಹಚ್ಚಿದವರೂ, ಮುಳ್ಳಿನಾಚೆ ನಿಂತವರೂ ಇನ್ನೂ ನಮ್ಮ ನಡುವೆ ಇದ್ದಾರೆ; ಇಬ್ಬರ ಮಾತನ್ನೂ ಕೇಳಬೇಕು.

ನನ್ನ ಬಳಿ ಇರುವುದು ಮುಹೂರ್ತಗಳನ್ನು ಗುರುತುಹಾಕುವ ಒಂದು ಸಣ್ಣ ಪುಸ್ತಕ. ಅದರಲ್ಲಿ ಒಂದೇ ಮದುವೆಗೆ ಮೂರು ದಿನಾಂಕಗಳಿರುವ ಪುಟವುಂಟು: ಏಪ್ರಿಲಿನದು ಹೊಡೆದಿದೆ, ಮೇ ತಿಂಗಳಿನದು ಹೊಡೆದಿದೆ, ಜುಲೈಯದು ಉಳಿದಿದೆ. ಮೊದಲ ಎರಡು ದಿನಾಂಕಗಳ ಮುಂದೆ ಕನ್ಯಾದಾನ ಮಾಡತಕ್ಕವರ ಹೆಸರು ಒಂದು. ಮೂರನೆಯದರ ಮುಂದೆ ಬೇರೊಂದು. ಹೆಸರುಗಳನ್ನು ಮರೆಮಾಡಿ ಆ ಪುಟಗಳ ನಕಲನ್ನು ಈ ಪತ್ರಿಕೆಯ ಕಾರ್ಯಾಲಯಕ್ಕೆ ಒಪ್ಪಿಸಲು ಸಿದ್ಧನಾಗಿದ್ದೇನೆ.